ದೇಶ ಸುತ್ತಿ ಬಂದು ಹೌಗಾಂಗ್‌ನಲ್ಲಿ ಕೋಶ ಓದಿದ್ದು

"ದೇಶ ಸುತ್ತು, ಕೋಶ ಓದು" ಎಂದರು ನಮ್ಮ ಹಿರಿಯರು. ದೇಶ ಸುತ್ತುವ ಕೆಲಸವನ್ನು ಸಿಂಗಪುರದ ಕನ್ನಡಿಗರಾದ ನಾವು ಚೆನ್ನಾಗಿಯೇ ಮಾಡುತ್ತಿದ್ದೇವೆ. ನಾಲ್ಕು ದಿನ ರಜೆ ಸಿಕ್ಕಿದರೆ ಬಾಲಿ, ಎಂಟು ದಿನ ಸಿಕ್ಕಿದರೆ ಜಪಾನ್, ಬೋನಸ್ ಬಂದರೆ ಸ್ವಿಟ್ಜರ್‌ಲೆಂಡ್! ಕೋಶ ಓದುವ ಮಾತು ಬಂದಾಗ ಮಾತ್ರ "ಟೈಮ್ ಎಲ್ಲಿದೆ ಡಾಕ್ಟ್ರೇ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೇ ಮಾಡೋಣ ಎಂದುಕೊಂಡಿದ್ದೇನೆ. ಸುತ್ತಲು ದೂರ ಹೋಗಬೇಕಿಲ್ಲ. ಇಪ್ಪತ್ತು ವರ್ಷಗಳಿಂದ ನಾನು ವಾಸವಾಗಿರುವ ಹೌಗಾಂಗ್ ಸಾಕು.

ಹೌಗಾಂಗ್‌ಗೆ ಪ್ರವಾಸಿಗರು ಬರುವುದಿಲ್ಲ. ಇಲ್ಲಿ ಬಾಯಿಂದ ನೀರು ಚಿಮ್ಮುವ ಸಿಂಹವಿಲ್ಲ, ಆಕಾಶ ಮುಟ್ಟುವ ಚಕ್ರವಿಲ್ಲ. ಊರಿನಿಂದ ಬಂದ ಅತ್ತೆ ಮಾವನಿಗೆ ತೋರಿಸಲು ಏನಿದೆ ಎಂದರೆ, ಬ್ಲಾಕ್ ನಂಬರ್ ಹೊತ್ತು ನಿಂತ ಎಚ್.ಡಿ.ಬಿ. ಕಟ್ಟಡಗಳು, ಮಾರುಕಟ್ಟೆ, ಮಳೆಮರಗಳು, ಅಷ್ಟೇ. ದ್ವೀಪದ ಈಶಾನ್ಯ ಭಾಗದ ಈ ಪ್ರದೇಶದಲ್ಲಿ ಹಿಂದೆ ತಿಯೋಚ್ಯೂ ಚೀನೀಯರು ಹೆಚ್ಚಾಗಿ ನೆಲೆಸಿದ್ದರು. ಸೆರಂಗೂನ್ ಹೊಳೆಯ ಹಿಂಬದಿಯ ಊರು ಎಂಬರ್ಥದಲ್ಲಿ ಅವರು ಇದನ್ನು 'ಔ ಕಾಂಗ್' ಎಂದು ಕರೆದರು. ಅದರ ಮ್ಯಾಂಡರಿನ್ ರೂಪವೇ ಹೌಗಾಂಗ್. ನಮ್ಮ ಬ್ಲಾಕಿನ ಕೆಳಗೆ ಕೋಪಿ ಕುಡಿಯುತ್ತಾ ಕೂರುವ ಅಜ್ಜಂದಿರ ಬಾಯಲ್ಲಿ ಇಂದಿಗೂ ಅದು ಔ ಕಾಂಗೇ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾದಾಗ ನಮಗೇನನ್ನಿಸಿತೋ, ಅದರ ತಿರುವುಮುರುವು ಅನುಭವ ಅವರದ್ದು! ಅಪ್ಪರ್ ಸೆರಂಗೂನ್ ರಸ್ತೆಯ ಜಾಗಗಳನ್ನು ಹಳಬರು ಮೈಲಿಗಲ್ಲಿನ ಲೆಕ್ಕದಲ್ಲಿ ಗುರುತಿಸುತ್ತಿದ್ದರಂತೆ. ತುಮಕೂರು ರಸ್ತೆಯ 'ಎಂಟನೇ ಮೈಲಿ'ಯನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ.

ಈಗ ಪುಸ್ತಕದ ವಿಷಯ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಇಬ್ಬರಿಗೆ ಇಷ್ಟು ದೊಡ್ಡ ಮನೆ ಏಕೆ ಎಂದು ಇದೇ ಹೌಗಾಂಗ್‌ನಲ್ಲಿ ಚಿಕ್ಕ ಫ್ಲ್ಯಾಟಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಈ ಮನೆಯಲ್ಲಿ ನಾನೂರು ಚಿಲ್ಲರೆ ಕನ್ನಡ ಪುಸ್ತಕಗಳಿವೆ. ಹೊಸ ಮನೆಯಲ್ಲಿ ಒಂದೇ ಕಪಾಟಿಗೆ ಜಾಗ. ಅದರಲ್ಲಿ ಹಿಡಿಯುವುದು ನೂರು. ನನ್ನ ಶ್ರೀಮತಿಯವರ ಆದೇಶ ಸ್ಪಷ್ಟವಾಗಿದೆ: "ರೀ, ನೂರು ಪುಸ್ತಕ ಇಟ್ಕೊಳ್ಳಿ, ಬೇಡ ಅನ್ನಲ್ಲ. ನೂರಾ ಒಂದನೇದು ಬಂದ್ರೆ ನೀವೂ ಅದೂ ವಾಯ್ಡ್ ಡೆಕ್‌ನಲ್ಲಿ ಮಲಗಬೇಕಾಗತ್ತೆ, ನೋಡಿ!"

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ರೋಗಿಗಳನ್ನು ವಿಂಗಡಿಸುವುದು ಹೊಸದಲ್ಲ. ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ನಿಮಿಷದಲ್ಲಿ ನಿರ್ಧರಿಸಬೇಕು. ಆದರೆ ಪುಸ್ತಕಗಳಿಗೆ ನಾಡಿ ಹಿಡಿದು ನೋಡುವುದು ಹೇಗೆ? ಇವು ಸುಮ್ಮನೆ ಬಂದವಲ್ಲ. ಹಾಸನದ ನಮ್ಮ ಮನೆಯಲ್ಲಿ 'ಚಂದಮಾಮ' ಬಂದ ದಿನ ಅಣ್ಣ ತಮ್ಮಂದಿರಲ್ಲಿ ಮಾರಾಮಾರಿ. 'ಸುಧಾ' ಬಂದರೆ ಮೊದಲ ಹಕ್ಕು ಅಮ್ಮನದು. ಧಾರಾವಾಹಿ ಓದಿ ಮುಗಿಸುವವರೆಗೆ ಅಂದಿನ ಸಾರಿಗೆ ಒಗ್ಗರಣೆ ಬೀಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಕಾದಂಬರಿಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಎರಡನೇ ದಿನದ ಬಾಡಿಗೆ ಉಳಿಸಲು ರಾತ್ರಿಯೆಲ್ಲ ಓದಿ ಬೆಳಿಗ್ಗೆ ಹಿಂದಿರುಗಿಸುತ್ತಿದ್ದೆ. ನನ್ನ ವೇಗದ ಓದಿಗೆ ಆ ಅಂಗಡಿಯವರೇ ಗುರುಗಳು! ಮುಂದೆ ಎಂ.ಬಿ.ಬಿ.ಎಸ್., ಎಂ.ಡಿ. ಓದಿನ ದಪ್ಪ ಪುಸ್ತಕಗಳನ್ನು ದಾಟಲು ಆ ಅಭ್ಯಾಸವೇ ನೆರವಾಯಿತು.

ಸಿಂಗಪುರಕ್ಕೆ ಬಂದ ಮೇಲೆ ಪುಸ್ತಕಗಳು ಬಂದದ್ದು ಸೂಟ್‌ಕೇಸಿನಲ್ಲಿ. ಪ್ರತಿ ಸಲ ಊರಿನಿಂದ ಹೊರಡುವಾಗ ಸಾರಿನ ಪುಡಿಗೂ ಸಾಹಿತ್ಯಕ್ಕೂ ತೂಕದ ಯಂತ್ರದ ಮುಂದೆ ಯುದ್ಧ. ಹಾಗಾಗಿ ನನ್ನ ಬಳಿಯ ಕೆಲವು ಶ್ರೇಷ್ಠ ಕೃತಿಗಳಿಗೆ ಇಂದಿಗೂ ಹುರಿದ ಕೊತ್ತಂಬರಿ ಬೀಜದ ಪರಿಮಳವಿದೆ. ಇಲ್ಲಿಯ ತೇವದ ಗಾಳಿಯಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ನಿಮಗೆಲ್ಲ ಗೊತ್ತು. ಅದಕ್ಕೆ ನನ್ನದೊಂದು ವೈದ್ಯಕೀಯ ಉಪಾಯವಿದೆ. ಮಾತ್ರೆಗಳ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಪುಸ್ತಕಗಳ ಹಿಂದೆ ಸಾಲಾಗಿ ಇಡುತ್ತೇನೆ, ಆಗಾಗ ಬದಲಿಸುತ್ತೇನೆ. ನೀವೂ ಮಾಡಿ ನೋಡಿ. ಚಿಕ್ಕ ಮಕ್ಕಳ ಕೈಗೆ ಮಾತ್ರ ಸಿಗದಿರಲಿ.

ಜ್ಞಾನಪೀಠ ಬಂದವರು, ಬಾರದವರು ಎಂದು ವಿಂಗಡಿಸುವುದು ಸುಲಭ. ನಾನು ಬೇರೊಂದು ಅಳತೆಗೋಲು ಹಿಡಿದೆ. ಊರಿನಲ್ಲಿ ಓದಿದ ಯಾವ ಪುಸ್ತಕ, ಈ ಹೌಗಾಂಗ್‌ನಲ್ಲಿ ಎರಡನೇ ಸಲ ಓದಿದಾಗ ಹೊಸದೇನನ್ನಾದರೂ ಹೇಳಿತು? ಹಾಗೆ ಹೇಳಿದ್ದಕ್ಕೆ ಮಾತ್ರ ಕಪಾಟಿನಲ್ಲಿ ಸೀಟು. ಬನ್ನಿ, ಒಂದು ಸುತ್ತು ಹೋಗಿಬರೋಣ.

ಮೊದಲು ಹೌಗಾಂಗ್ ಎಂ.ಆರ್.ಟಿ. ನಿಲ್ದಾಣ. ನಮ್ಮ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಶುರುವಾದದ್ದು 2003ರ ಜೂನ್ 20ರಂದು. ಚಾಲಕನಿಲ್ಲದ ಈ ರೈಲು ಪೂರ್ತಿ ನೆಲದಡಿಯಲ್ಲೇ ಓಡುತ್ತದೆ. ಕಿಟಕಿಯಾಚೆ ನೋಡಲು ಕತ್ತಲೆ ಬಿಟ್ಟರೆ ಏನೂ ಇಲ್ಲ. ಓದುವವರಿಗೆ ಇದಕ್ಕಿಂತ ಒಳ್ಳೆಯ ರೈಲು ಬೇಕೆ? ಕೋವನ್, ಸೆರಂಗೂನ್, ವುಡ್‌ಲೀ, ಪೋಟಾಂಗ್ ಪಸಿರ್, ಬೂನ್ ಕೆಂಗ್, ಫ್ಯಾರರ್ ಪಾರ್ಕ್ ದಾಟಿದರೆ ಲಿಟಲ್ ಇಂಡಿಯಾ. ಬಾಳೆ ಎಲೆ, ಬೆಲ್ಲ, ಬೇಳೆ ತರಲು ನಾವೆಲ್ಲ ಹೋಗುವ ದಾರಿ. ಈ ದೂರಕ್ಕೆ ಹೇಳಿ ಮಾಡಿಸಿದಂತಿರುವುದು ಮಾಸ್ತಿಯವರ ಸಣ್ಣ ಕತೆ. ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ನೂರು ವರ್ಷ ದಾಟಿದರೂ ಆ ಧಾಟಿಗೆ ವಯಸ್ಸಾಗಿಲ್ಲ. ಮನೆಯ ಜಗಲಿಯಲ್ಲಿ ಕೂತ ಹಿರಿಯರೊಬ್ಬರು ಗಡಿಬಿಡಿಯಿಲ್ಲದೆ ಹೇಳಿದಂತೆ ಕತೆ ಸಾಗುತ್ತದೆ. ಇಡೀ ಬೋಗಿ ಫೋನಿನ ಮೇಲೆ ಬೆರಳಾಡಿಸುವಾಗ ಆ ನಿಧಾನ ಎಷ್ಟು ಹಿತ, ಬಲ್ಲವರೇ ಬಲ್ಲರು!

ಒಮ್ಮೆ ಪಕ್ಕದಲ್ಲಿ ಕೂತಿದ್ದ ತಮಿಳು ಹಿರಿಯರೊಬ್ಬರು ಪುಸ್ತಕ ನೋಡಿ "ತೆಲುಗಾ?" ಎಂದರು. ಕನ್ನಡ ಎಂದೆ. ಬರೆದವರ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್, ಅವರ ಮನೆಮಾತು ತಮಿಳು ಎಂದು ಹೇಳಿದಾಗ ಅವರ ಮುಖ ಅರಳಿತು. "ಮನೆಯಲ್ಲಿ ತಮಿಳು, ಬರೆದದ್ದು ಕನ್ನಡವಾ? ಯಾಕೆ?" ಎಂದರು. ಅಷ್ಟರಲ್ಲಿ ನಾನಿಳಿಯುವ ನಿಲ್ದಾಣ ಬಂತು. ಮನೆಮಾತು ಒಂದಾಗಿದ್ದು ಇನ್ನೊಂದು ಭಾಷೆಯನ್ನು ತಮ್ಮದಾಗಿಸಿಕೊಂಡ ಮಾಸ್ತಿ, ಬೇಂದ್ರೆಯಂಥವರಿಂದ ಕನ್ನಡ ಬೆಳೆಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಎಂದು ಬೆಳೆಯುತ್ತಿರುವ ನಮ್ಮ ಮಕ್ಕಳ ಬಗ್ಗೆ ಯೋಚಿಸುವಾಗೆಲ್ಲ ಆ ಹಿರಿಯರ 'ಯಾಕೆ' ನೆನಪಾಗುತ್ತದೆ. ಮಾಸ್ತಿಯವರ ಕತೆಗಳು ಕಪಾಟಿಗೆ ಸೇರಿದವು.

ಎರಡನೆಯದು ಪುಂಗ್ಗೋಲ್ ಪಾರ್ಕ್. ಹೆಸರು ಪುಂಗ್ಗೋಲ್ ಎಂದಿದ್ದರೂ ಕೆರೆಯಿರುವ ಈ ಉದ್ಯಾನ ನಮ್ಮ ಹೌಗಾಂಗ್‌ನದೇ. ಬೆಳಗಿನ ನಡಿಗೆಗೆ ನಿತ್ಯ ಹೋಗುತ್ತೇನೆ. ರೋಗಿಗಳಿಗೆ ಹೇಳುವುದನ್ನು ನಾವೂ ಸ್ವಲ್ಪ ಮಾಡಬೇಕಲ್ಲ! ಒಂದು ದಿನ ಮರದ ಕಾಂಡದ ಮೇಲೆ ತೊಗಟೆಯ ಬಣ್ಣದ, ಒಂದು ಗೇಣಿಗಿಂತ ಚಿಕ್ಕ ಓತಿಕ್ಯಾತ ಕಂಡಿತು. ನೋಡುತ್ತಿದ್ದಂತೆ ಗಂಟಲಿನಿಂದ ಹಳದಿ ಬಾವುಟದಂಥದ್ದನ್ನು ಹೊರಚಾಚಿ ಒಳಗೆಳೆದುಕೊಂಡಿತು. ಮರುಕ್ಷಣ ಪಕ್ಕೆಗಳನ್ನು ಅಗಲಿಸಿ ಗಾಳಿಗೆ ಬಿದ್ದು, ತೇಲಿ, ಎದುರಿನ ಮರಕ್ಕೆ ಅಂಟಿಕೊಂಡಿತು. ಹಾರುವ ಓತಿ! ಕಾಲು ಅಲ್ಲೇ ನಿಂತುಬಿಟ್ಟವು.

ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ನನ್ನ ಸ್ಥಿತಿ ಅರ್ಥವಾದೀತು. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಪ್ಯಾರ, ನಾಯಿ ಕಿವಿ ಎಲ್ಲರೂ ಮಲೆನಾಡಿನ ಕಾಡು ಅಲೆಯುವುದು ಒಂದು ಹಾರುವ ಓತಿಗಾಗಿ. ಹೈಸ್ಕೂಲಿನಲ್ಲಿ ಓದಿದಾಗ ಅದು ಎಲ್ಲೋ ದಟ್ಟ ಕಾಡಿನ ಪವಾಡದ ಪ್ರಾಣಿ ಎಂದುಕೊಂಡಿದ್ದೆ. ಪಶ್ಚಿಮ ಘಟ್ಟದಲ್ಲಿರುವುದು ಒಂದು ಜಾತಿ. ಸಿಂಗಪುರದ ಉದ್ಯಾನಗಳಲ್ಲಿ ಮರದಿಂದ ಮರಕ್ಕೆ ತೇಲುವುದು ಅದರ ದಾಯಾದಿ. ನಿಜವಾಗಿ ಅದು ಹಾರುವುದಿಲ್ಲ, ತೇಲುತ್ತದೆ. ಉದ್ದವಾದ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿಕೊಂಡು ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಇರುವೆ ಸಾಕು. ನನ್ನ ಪಕ್ಕದಿಂದ ಹತ್ತಾರು ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಿಹೋದರು. ಅದು ಅಲ್ಲಿರುವುದು ನನಗೆ ಕಂಡದ್ದು ಮೂಡಿಗೆರೆಯಲ್ಲಿ ಕೂತು ಬರೆದವರೊಬ್ಬರು ಬಹಳ ಹಿಂದೆ ನನ್ನ ಕಣ್ಣು ತೆರೆಸಿದ್ದರಿಂದ. 'ಕರ್ವಾಲೊ' ಮೊದಲ ಸಾಲಿನಲ್ಲೇ ಕೂತಿತು.

ಮೂರನೆಯದು ಬುವಾಂಗ್ಕೊಕ್. ಇಲ್ಲಿದೆ ಸಿಂಗಪುರದ ಮಾನಸಿಕ ಆರೋಗ್ಯ ಸಂಸ್ಥೆ. 1928ರಲ್ಲಿ ಇಯೋ ಚು ಕಾಂಗ್ ರಸ್ತೆಯಲ್ಲಿ ತೆರೆದ ಮಾನಸಿಕ ಆಸ್ಪತ್ರೆಗೆ 1951ರಲ್ಲಿ ವುಡ್‌ಬ್ರಿಜ್ ಎಂಬ ಹೆಸರು ಬಂತು. 1993ರಲ್ಲಿ ಅದು ಇಲ್ಲಿಗೆ ಸ್ಥಳಾಂತರಗೊಂಡಿತು. ಹಳೆಯ ತಲೆಮಾರಿನ ಸಿಂಗಪುರದವರು ಯಾರನ್ನಾದರೂ ಗೇಲಿ ಮಾಡಲು ಇಂದಿಗೂ 'ವುಡ್‌ಬ್ರಿಜ್' ಎನ್ನುತ್ತಾರೆ. ನಮ್ಮಲ್ಲಿ 'ನಿಮ್ಹಾನ್ಸ್‌ಗೆ ಹೋಗು' ಎಂದು ನಗುತ್ತಾರಲ್ಲ, ಹಾಗೆಯೇ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ನೆನಪಾಗುವುದು ತ್ರಿವೇಣಿಯವರ 'ಶರಪಂಜರ'. ನಮ್ಮಲ್ಲಿ ಹಲವರಿಗೆ ಅದು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಕಲ್ಪನಾ ಅವರ ಅಭಿನಯ. ಪುಸ್ತಕವನ್ನೂ ಓದಿ ಎನ್ನುತ್ತೇನೆ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆ ಗುಣಪಡಿಸಿದವಳನ್ನು ಮನೆಯವರ ಅನುಮಾನದ ಕಣ್ಣುಗಳು ಮತ್ತೆ ಕಾಯಿಲೆಗೆ ತಳ್ಳುತ್ತವೆ.

ವಿದ್ಯಾರ್ಥಿಯಾಗಿ ಮೈಸೂರಿನಲ್ಲಿ ಓದಿದಾಗ ಅದನ್ನೊಂದು ಕರುಣಾಜನಕ ಕತೆ ಎಂದು ಓದಿದ್ದೆ. ಈಗ ವೈದ್ಯನಾಗಿ ಓದಿದರೆ ಅದೊಂದು ಎಚ್ಚರಿಕೆಯ ಟಿಪ್ಪಣಿ. ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ತಾಯಂದಿರಿಗೆ ಈ ತೀವ್ರ ಕಾಯಿಲೆ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ. ನಿದ್ದೆ ಬಾರದಿರುವುದು, ಗೊಂದಲ, ಇಲ್ಲದ್ದು ಕಾಣುವುದು ಕೇಳುವುದು ಅದರ ಲಕ್ಷಣ. ಇದು ತುರ್ತು ಸ್ಥಿತಿ. ತಕ್ಷಣ ಚಿಕಿತ್ಸೆ ಕೊಡಿಸಿದರೆ ಗುಣವಾಗುತ್ತದೆ. ಬಾಣಂತನಕ್ಕೆ ಅಮ್ಮ ಬರಲು ವೀಸಾ ಸಿಗದೆ, ಹದಿನೈದನೇ ಮಹಡಿಯಲ್ಲಿ ಒಂಟಿಯಾಗಿ ಮಗು ಹಿಡಿದು ಕೂರುವ ನಮ್ಮ ಹುಡುಗಿಯರಿರುವ ಊರಿದು. "ಎಲ್ಲರಿಗೂ ಆಗತ್ತೆ, ಸರಿಹೋಗತ್ತೆ ಬಿಡಮ್ಮ" ಎನ್ನುವ ಮೊದಲು ದಯವಿಟ್ಟು ಒಮ್ಮೆ ವೈದ್ಯರಿಗೆ ತೋರಿಸಿ. ತ್ರಿವೇಣಿಯವರು ತಮ್ಮ 34ನೇ ವಯಸ್ಸಿನಲ್ಲಿ, 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂಬುದನ್ನು ನೆನೆದಾಗ ಆ ಪುಸ್ತಕ ಕೈಯಲ್ಲಿ ಇನ್ನಷ್ಟು ಭಾರವಾಗುತ್ತದೆ. ಅದನ್ನು ಬಿಟ್ಟುಕೊಡುವುದಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲ, ಲೊರೊಂಗ್ ಬುವಾಂಗ್ಕೊಕ್. ಸಿಂಗಪುರದ ಮುಖ್ಯ ದ್ವೀಪದಲ್ಲಿ ಉಳಿದಿರುವ ಕೊನೆಯ ಹಳ್ಳಿ, ಅಂದರೆ ಕಂಪುಂಗ್, ಇದೇ. ತಗಡಿನ ಸೂರಿನ ಸುಮಾರು ಇಪ್ಪತ್ತೈದು ಮನೆಗಳು, ಬಾಳೆಗಿಡ, ಅಡ್ಡಾಡುವ ಕೋಳಿ. ಸುತ್ತಲೂ ಎತ್ತರದ ಕಟ್ಟಡಗಳು ಇಣುಕಿ ನೋಡುತ್ತಿರುತ್ತವೆ. ಊರಿನಿಂದ ಬಂದ ನನ್ನ ಚಿಕ್ಕಪ್ಪನವರನ್ನು ಇಲ್ಲಿಗೆ ಕರೆದುಕೊಂಡು ಹೋದಾಗ ಅವರು ಗಂಭೀರವಾಗಿ, "ಅಲ್ಲವೋ, ಇದನ್ನು ನೋಡೋಕೆ ಸಿಂಗಪುರಕ್ಕೆ ಯಾಕೆ ಬರಬೇಕಿತ್ತು? ನಮ್ಮ ತೋಟದ ಮನೆ ಇತ್ತಲ್ಲ!" ಎಂದರು. ಮಾತು ನಿಜ. ಆದರೆ ಆ ತೋಟದ ಮನೆಯನ್ನು ನಾವು ಮಾರಿ ಹತ್ತು ವರ್ಷವಾಗಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಂದು ರಾತ್ರಿ ತೆಗೆದದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು'. 1930ರ ಪುಸ್ತಕ, ನಮ್ಮ ಜಿಲ್ಲೆಯ ಹೇಮಾವತಿ ತೀರದ ಜನ. ಚಿಕ್ಕಪ್ಪನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೊದಲಿಗೆ ನಕ್ಕರು. ಆಮೇಲೆ ನಮ್ಮೂರಿನಲ್ಲೂ ಅಂಥವರು ಯಾರಿದ್ದರು ಎಂದು ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಹೇಳತೊಡಗಿದರು. ನಾನು ಕೇಳಿರದಿದ್ದ ನಮ್ಮ ಮನೆತನದ ಎಷ್ಟೋ ಸಂಗತಿಗಳು ಆ ರಾತ್ರಿ ಹೊರಬಿದ್ದವು. ಇದೇ ಗೊರೂರರು ಮುಂದೆ 'ಅಮೆರಿಕಾದಲ್ಲಿ ಗೊರೂರು' ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಹಳ್ಳಿಯ ಕಣ್ಣಿನಿಂದ ಪರದೇಶ ನೋಡುವುದು ಹೇಗೆಂದು ತಿಳಿಯಲು ವಲಸೆ ಬಂದ ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಎರಡಕ್ಕೂ ಸೀಟು ಖಾತ್ರಿ.

ಇನ್ನೊಂದು ಪುಸ್ತಕ ಓದಿದ್ದು ಎಲ್ಲಿಗೂ ಹೋಗಲಾಗದ ದಿನಗಳಲ್ಲಿ. 2020ರ ಏಪ್ರಿಲ್ 7ರಿಂದ ಜೂನ್ 1ರವರೆಗೆ ಸಿಂಗಪುರ ಬಾಗಿಲು ಹಾಕಿಕೊಂಡಿತ್ತು. ನಮ್ಮಂಥವರಿಗೆ ಕೆಲಸ ಮಾತ್ರ ನಿಂತಿರಲಿಲ್ಲ. ಮನೆಗೆ ಬಂದು, ಸ್ನಾನ ಮಾಡಿ, ಬೇರೆ ಕೋಣೆಯಲ್ಲಿ ಒಬ್ಬನೇ ಊಟಕ್ಕೆ ಕೂರುತ್ತಿದ್ದೆ. ಆಗ ಮತ್ತೆ ಓದಿದ್ದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. ಪ್ಲೇಗು ಬಂದ ಹಳ್ಳಿಗಳ ಚಿತ್ರವನ್ನು ಅವರು ಕೇಳಿ ಬರೆದದ್ದಲ್ಲ. ಬಾಲ್ಯದಲ್ಲಿ ಒಡಹುಟ್ಟಿದವರನ್ನು ಪ್ಲೇಗಿನಲ್ಲಿ ಕಳೆದುಕೊಂಡವರು ಅವರು. ನಂಜಮ್ಮನ ಸಂಕಟ ಓದುತ್ತಾ, ಬಾಗಿಲಾಚೆ ಶ್ರೀಮತಿ ಮಗಳು ಮಾತಾಡುವ ಸದ್ದು ಕೇಳುತ್ತಾ, ಎಷ್ಟೋ ರಾತ್ರಿ ಕಳೆದಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ಮೊದಲು ಕೈಗೆತ್ತಿಕೊಂಡದ್ದೂ ಅದೇ ಪ್ರತಿಯನ್ನು.

ಕೊನೆಯ ನಿಲ್ದಾಣ, ಮಗಳು ಬೆಳೆದ ಜಾಗ: ಹೌಗಾಂಗ್ ಮಾಲ್‌ನ ಚೆಂಗ್ ಸ್ಯಾನ್ ಸಾರ್ವಜನಿಕ ಗ್ರಂಥಾಲಯ. ಶನಿವಾರ ಅವಳನ್ನು ಅಲ್ಲಿ ಕೂರಿಸಿ ನಾವು ತರಕಾರಿ ತರುತ್ತಿದ್ದೆವು. ಇಂಗ್ಲಿಷ್, ಚೀನೀ, ಮಲಯ, ತಮಿಳು, ಈ ನಾಲ್ಕು ಭಾಷೆಯ ಪುಸ್ತಕಗಳು ಅಲ್ಲಿದ್ದವು. ಈ ದೇಶದ ನಾಲ್ಕು ಅಧಿಕೃತ ಭಾಷೆಗಳು ಅವೇ ಆದ್ದರಿಂದ ಅದು ಸಹಜವೇ. 1990ರ ದಶಕದಿಂದ ಶಾಲೆಗಳಲ್ಲಿ ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದು ಕಲಿಯಲೂ ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ನನ್ನ ಮಗಳು ಶಾಲೆಯಲ್ಲಿ ಕಲಿತದ್ದು ಹಿಂದಿ. ಕನ್ನಡ ಸೊಗಸಾಗಿ ಮಾತಾಡುತ್ತಾಳೆ, ಅಜ್ಜಿಯೊಡನೆ ಫೋನಿನಲ್ಲಿ ಜಗಳವನ್ನೂ ಆಡುತ್ತಾಳೆ. ಓದಲು ಮಾತ್ರ ಬಾರದು. ನಾನೂರು ಪುಸ್ತಕಗಳ ಮನೆಯಲ್ಲಿ ಬೆಳೆದವಳಿಗೆ ಆ ಸಾಲು ಗೋಡೆಯ ಬಣ್ಣದಂತೆ, ಇದ್ದೂ ಇಲ್ಲದ್ದು.

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಮಗಳು ಅದನ್ನು ಕೊಂಡು ತಂದಳು. ಎರಡು ಕತೆ ಓದಿದವಳು ನನ್ನ ಕೋಣೆಗೆ ಬಂದು, "ಅಪ್ಪಾ, ಇದರಲ್ಲಿ ಕೆಲವು ಪದ ಕನ್ನಡದಲ್ಲೇ ಬಿಟ್ಟಿದ್ದಾರೆ. ನಂಗೆ ಅರ್ಥ ಆಗತ್ತೆ, ನನ್ನ ಫ್ರೆಂಡ್ಸ್‌ಗೆ ಆಗಲ್ಲ! ಒರಿಜಿನಲ್ ಹೇಗಿದೆ ಅಂತ ಓದಿ ಹೇಳ್ತೀಯಾ?" ಎಂದಳು. ಬೆಂಗಳೂರಿನಿಂದ ಮೂಲ ಕತೆಗಳನ್ನು ತರಿಸಿದೆ. ಈಗ ಭಾನುವಾರ ರಾತ್ರಿ ಊಟವಾದ ಮೇಲೆ ನಾನು ಕನ್ನಡ ಓದುತ್ತೇನೆ, ಅವಳು ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಬರುತ್ತಾಳೆ. ನಡುನಡುವೆ ತಡೆದು, "ಇಲ್ಲಿ ಕನ್ನಡವೇ ಜೋರಾಗಿದೆ" ಎಂದೋ, "ಇಲ್ಲಿ ಇಂಗ್ಲಿಷೇ ಪರವಾಗಿಲ್ಲ" ಎಂದೋ ತೀರ್ಪು ಕೊಡುತ್ತಾಳೆ. ಹೋದ ತಿಂಗಳು "ಅಪ್ಪಾ, ಈ ಅಕ್ಷರ 'ಹ' ತಾನೇ?" ಎಂದು ಬಗ್ಗಿ ನೋಡಿದಳು. ಶ್ರೀಮತಿ ಅಡುಗೆಮನೆಯಿಂದಲೇ ನನ್ನತ್ತ ನೋಡಿದರು. ನಾನು ಹೌದಮ್ಮ ಎಂದಷ್ಟೇ ಹೇಳಿ ಓದು ಮುಂದುವರಿಸಿದೆ. ಹೆಚ್ಚು ಉತ್ಸಾಹ ತೋರಿಸಿದರೆ ಈ ಕಾಲದ ಮಕ್ಕಳು ಓಡಿಹೋಗುತ್ತಾರೆ ನೋಡಿ!

ಇಷ್ಟು ಸುತ್ತಿದ ಮೇಲೆ ನನಗೆ ತಿಳಿದದ್ದು ಇದು. ಪುಸ್ತಕ ಊರಿನಿಂದ ಬಂದರೂ ಅದರ ಎರಡನೇ ಓದು ನಾವಿರುವ ಊರಿನದು. ಓತಿಯನ್ನು ಪುಂಗ್ಗೋಲ್ ಪಾರ್ಕ್ ತೋರಿಸಿತು, ಕಾವೇರಿಯನ್ನು ಬುವಾಂಗ್ಕೊಕ್. ಕಪಾಟಿನಲ್ಲಿ ಕೂತ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗಟ್ಟಿಯಾಗಿ ಓದಿದ ಪುಸ್ತಕಕ್ಕೆ ಕೇಳುವವರು ಸಿಗುತ್ತಾರೆ. ಅಕ್ಷರ ಬಾರದ ಮಕ್ಕಳಿಗೂ ಕಿವಿಯಿದೆ. ವಾರಾಂತ್ಯದ ನಿದ್ದೆ ಬಿಟ್ಟು ಮಕ್ಕಳಿಗೆ ಅ, ಆ, ಇ, ಈ ಕಲಿಸುವ ನಮ್ಮ ಸ್ವಯಂಸೇವಕರ ಶ್ರಮಕ್ಕೆ ನಾವು ಮನೆಯಲ್ಲಿ ಮಾಡಬಹುದಾದ ಸಹಾಯವೂ ಅದೇ: ವಾರಕ್ಕೆ ಹದಿನೈದು ನಿಮಿಷ, ಒಂದು ಕತೆ, ಗಟ್ಟಿಯಾಗಿ.

ನೂರು ಪುಸ್ತಕಗಳ ಆಯ್ಕೆ ಮುಗಿದಿದೆ. ಉಳಿದ ಮುನ್ನೂರು ಚಿಲ್ಲರೆ ಪುಸ್ತಕಗಳನ್ನು ಸಂಘದ ಮುಂದಿನ ಕಾರ್ಯಕ್ರಮದ ದಿನ ಊಟದ ಸಾಲಿನ ಪಕ್ಕದ ಮೇಜಿನ ಮೇಲೆ ಇಡುತ್ತೇನೆ. ಕಾರಂತರಿದ್ದಾರೆ, ಅನುಪಮಾ ನಿರಂಜನರಿದ್ದಾರೆ, ಬಿ.ಜಿ.ಎಲ್. ಸ್ವಾಮಿಯವರಿದ್ದಾರೆ, ಮಕ್ಕಳಿಗೆ ಓದಿ ಹೇಳಲು ಹಳೆಯ ಕತೆ ಪುಸ್ತಕಗಳೂ ಇವೆ. ಬೆಲೆಯಿಲ್ಲ. ಒಂದೇ ಷರತ್ತು: ಕಪಾಟಿನ ಅಂದಕ್ಕೆ ಒಯ್ಯಬೇಡಿ, ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ, ಆಮೇಲೆ ಇನ್ನೊಬ್ಬರಿಗೆ ದಾಟಿಸಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೇಳಿದರೆ ಉಚಿತವಾಗಿ ಕೊಡಲಾಗುವುದು!